ಜನವರಿಯ ಎಲೆ, ಜುಲೈಯ ಡಬ್ಬ

— ಕರೆಂಟು ಬಿಟ್ಟಿ ಆದಮೇಲೂ ಉಳಿತಾಯ ಉಳಿತಾಯ ಅಂತೀರಲ್ಲ ಸರ್! ವಿದ್ಯುತ್ ಇಲಾಖೆ ಬಿಟ್ಟು ಬಂದರೂ ಇಲಾಖೆಯ ಬುದ್ಧಿ ನಿಮ್ಮನ್ನ ಬಿಡಲಿಲ್ಲ.

— ಬಿಟ್ಟಿ ಯಾರಿಗೆ? ನಿಮ್ಮದು ಹೊಸ ಮನೆ, ಹೊಸ ಮೀಟರು. ಬಿಲ್ಲಿನಲ್ಲಿ ಅರ್ಹ ಯೂನಿಟ್ ಅಂತ ಒಂದು ಸಾಲು ಇರುತ್ತೆ, ಓದಿದಿರಾ?

— 58 ಅಂತಿತ್ತು. ಎಲ್ಲರಿಗೂ 200 ಅಂತ ಕೇಳಿದ್ದೆ. ಅಚ್ಚಿನ ತಪ್ಪೇನೋ ಅಂದುಕೊಂಡೆ.

— ತಪ್ಪಲ್ಲ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದಾಗ ಹಾಕಿದ ಲೆಕ್ಕ ಅದು. ಹಳೇ ಮನೆಯವರಿಗೆ 2022–23ರ ತಿಂಗಳ ಸರಾಸರಿ, ಅದರ ಮೇಲೆ ಶೇ. 10. ಹಿಂದಿನ ಬಳಕೆಯೇ ಇಲ್ಲದ ಮನೆಗೆ ರಾಜ್ಯದ ಸರಾಸರಿ 53 ಹಿಡಿದು, ಅದಕ್ಕೆ ಶೇ. 10 ಸೇರಿಸಿ 58. ಮೇಲೆ ಉರಿಸಿದ್ದಕ್ಕೆ ದುಡ್ಡು ಕಟ್ಟಬೇಕು. 200 ದಾಟಿತೋ, ಇಡೀ ಬಿಲ್ಲು ನಿಮ್ಮ ತಲೆಗೆ. ಸರಾಸರಿ ಅನ್ನೋದಕ್ಕೆ ಋತು ಇಲ್ಲ, ನಮಗೆ ಇದೆ. ಡಿಸೆಂಬರಿನಲ್ಲಿ ಆರಾಮಾಗಿ ಒಳಗೇ ಇದ್ದ ಮನೆ ಏಪ್ರಿಲ್ ಬಂದರೆ ಗೆರೆ ದಾಟುತ್ತೆ.

— 58 ಅಂದರೆ ದಿನಕ್ಕೆ ಎರಡು ಯೂನಿಟ್ಟೂ ಇಲ್ಲ! ಅದರಲ್ಲಿ ಏನು ಮಾಡೋಕಾಗುತ್ತೆ?

— ಕೂಡಿಸಿ ನೋಡಿ. ಫ್ರಿಜ್ಜು ಹಗಲು ರಾತ್ರಿ ಓಡುತ್ತೆ, ಅರ್ಧದಿಂದ ಒಂದು ಯೂನಿಟ್ ಅದಕ್ಕೆ. ಹಳೇ ಮಾದರಿಯ ಫ್ಯಾನು 75 ವಾಟ್. ನಾಲ್ಕು ಫ್ಯಾನು ಎಂಟೆಂಟು ಗಂಟೆ ತಿರುಗಿದರೆ 2.4 ಯೂನಿಟ್. ಇನ್ನು ಸ್ನಾನ. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನ 20 ಡಿಗ್ರಿಯಿಂದ 40ಕ್ಕೆ ತರೋದಕ್ಕೆ ಹತ್ತಿರ ಹತ್ತಿರ ಅರ್ಧ ಯೂನಿಟ್ ಬೇಕು. ಇದರಲ್ಲಿ ಯಾವ ಕಂಪನಿಯ ಜಾಣತನವೂ ನಡೆಯಲ್ಲ; ನೀರಿನ ಗುಣವೇ ಅಷ್ಟು. ಒಬ್ಬರ ಸ್ನಾನಕ್ಕೆ ಹೋದದ್ದು ಒಂದು ಫ್ಯಾನಿನ ಇಡೀ ರಾತ್ರಿಯ ಖರ್ಚು. ಮನೆಯಲ್ಲಿ ಎಷ್ಟು ಜನ?

— ನಾಲ್ಕು. ಆ ಫೋನ್ ಚಾರ್ಜರ್ ತೆಗೆಯೋ, ಈ ಲೈಟ್ ಆರಿಸೋ ಅಂತ ಮಕ್ಕಳಿಗೆ ದಿನವೂ ಬೈತೀನಿ.

— ಚಾರ್ಜರ್ ಪಾಪದ್ದು, ಬಿಡಿ. ಅದಕ್ಕಿಂತ ಟಿವಿ ಕೆಳಗೆ ಕೂತಿರುವ ಸೆಟ್‌ಟಾಪ್ ಬಾಕ್ಸ್ ಮುಟ್ಟಿ ನೋಡಿ, ಟಿವಿ ಆರಿಸಿದ ಮೇಲೂ ಬೆಚ್ಚಗಿರುತ್ತೆ. ಅದು 10 ವಾಟ್ ಎಳೀತಾ ಇದ್ದರೂ ತಿಂಗಳಿಗೆ 7 ಯೂನಿಟ್ ಆಯಿತು. ನಿಮ್ಮ 58ರಲ್ಲಿ ಎಂಟನೇ ಒಂದು ಪಾಲು. ಗೋಡೆಯ ಸ್ವಿಚ್ಚನ್ನೇ ಆರಿಸಿ ಮಲಗಿ.

— ಸರಿ, ಏನೇನು ಕೊಳ್ಳಬೇಕು ಹೇಳಿಬಿಡಿ. ಬರ್ಕೊತೀನಿ.

— ಇದೇ ನೋಡಿ ರೋಗ. ಉಳಿತಾಯ ಅಂದ ಕೂಡಲೇ ಅಂಗಡಿ ನೆನಪಾಗುತ್ತೆ. ಮನೆ ಕೆಲಸಕ್ಕೆ ತಿಂಗಳುಗಳಿವೆ. ಆ ತಿಂಗಳು ತಪ್ಪಿಸಿ ಮಾಡಿದರೆ ಎಷ್ಟು ಖರ್ಚು ಮಾಡಿದರೂ ದಂಡ. ಕೊಳ್ಳಲೇಬೇಕು ಅಂದರೆ ಒಂದೇ ಒಂದು ಹೇಳ್ತೀನಿ: ಮಲಗೋ ಕೋಣೆಗೆ ಬಿಎಲ್‌ಡಿಸಿ ಫ್ಯಾನು. ಅದು ತಿನ್ನೋದು 30 ವಾಟ್ ಆಸುಪಾಸು. ಎಲ್ಲಾ ಕೋಣೆಗೂ ಒಂದೇ ಸಲ ಹಾಕೋ ಶೋಕಿ ಬೇಡ. ಹೆಚ್ಚು ಹೊತ್ತು ತಿರುಗೋದು ಯಾವುದೋ ಅದಕ್ಕೆ ಮಾತ್ರ. ದೇವರ ಮನೆ ಫ್ಯಾನು ಹಳೇದೇ ಇರಲಿ.

— ತಿಂಗಳು ಅಂದಿರಿ. ಯಾವುದರಿಂದ ಶುರು?

— ಫೆಬ್ರುವರಿ. ಶಿವರಾತ್ರಿ ಆಗಿ ಯುಗಾದಿ ಬರೋದರೊಳಗೆ ತಾರಸಿಗೆ ಸುಣ್ಣ.

— ಗೋಡೆಗಲ್ವಾ?

— ಗೋಡೆಗೆ ಆಮೇಲೆ, ಅಂದಕ್ಕೆ. ಬಿಸಿಲು ನಮ್ಮಲ್ಲಿ ಗೋಡೆಗೆ ಹೊಡೆಯೋದಕ್ಕಿಂತ ಚಾವಣಿಗೆ ಹೊಡೆಯುತ್ತೆ. ಬೆಂಗಳೂರಿನ ಅಕ್ಷಾಂಶ ಹದಿಮೂರು ಡಿಗ್ರಿ. ಏಪ್ರಿಲ್ 24ರ ಸುಮಾರಿಗೆ ನಡುಹಗಲಲ್ಲಿ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ನಿಲ್ತಾನೆ, ನೆಟ್ಟ ಕೋಲಿಗೆ ನೆರಳೇ ಬೀಳಲ್ಲ. ಆಗಸ್ಟ್ 18ರ ಸುಮಾರಿಗೆ ಇನ್ನೊಂದು ಸಲ, ಆದರೆ ಆಗ ಮೋಡ ಕಾಪಾಡುತ್ತೆ. ಏಪ್ರಿಲ್‌ನಲ್ಲಿ ಕಾಪಾಡೋರು ಯಾರು? ಕಾಂಕ್ರೀಟಿನ ಹಲಗೆ ಹಗಲೆಲ್ಲ ಕುಡಿದ ಬಿಸಿಯನ್ನ ರಾತ್ರಿ ಹತ್ತು ಗಂಟೆಗೆ ನಿಮ್ಮ ಹಾಸಿಗೆ ಮೇಲೆ ಕಕ್ಕುತ್ತೆ. ಹೊರಗೆ ತಂಗಾಳಿ, ಒಳಗೆ ಫ್ಯಾನು ಹಾಕಿದರೆ ಬಿಸಿಗಾಳಿ, ಅನುಭವ ಇದೆಯಲ್ಲ? ಫ್ಯಾನಿನ ತಪ್ಪಲ್ಲ ಅದು. ಅದು ಗಾಳಿಯನ್ನ ತಣ್ಣಗೆ ಮಾಡಲ್ಲ, ತಿರುಗಿಸುತ್ತೆ ಅಷ್ಟೆ.

— ಸುಣ್ಣ ಬಳಿದರೆ ಎಷ್ಟು ಕಮ್ಮಿ ಆಗುತ್ತೆ?

— ಒಳಗೆ ಸಾಮಾನ್ಯವಾಗಿ ಎರಡು–ಮೂರು ಡಿಗ್ರಿ. ಕೇಳೋಕೆ ಸಣ್ಣದು, ಮಲಗೋಕೆ ದೊಡ್ಡದು. ಪೊರಕೆಯಲ್ಲಿ ಧೂಳು ತೆಗೆದು, ಸುಣ್ಣಕ್ಕೆ ಸ್ವಲ್ಪ ಅಂಟು ಕಲಸಿ, ಸಂಜೆ ಹೊತ್ತು ಎರಡು ಕೈ ಹೊಡೆಸಿ. ಉರಿಬಿಸಿಲಲ್ಲಿ ಹೊಡೆದರೆ ಒಣಗಿ ಪುಡಿ ಏಳುತ್ತೆ. ಜೂನ್ ಮಳೆಗೆ ತೊಳೆದುಹೋದರೆ ಬೇಜಾರಿಲ್ಲ, ಅದರ ಕೆಲಸ ಮುಗಿದಿರುತ್ತೆ. ಏಪ್ರಿಲ್ ಕೊನೆಗೆ ಸೆಕೆ ತಡೆಯೋಕಾಗದೆ ಸುಣ್ಣದವನನ್ನ ಹುಡುಕೋರೇ ಜಾಸ್ತಿ. ಅಷ್ಟರಲ್ಲಿ ಎಸಿಗೆ ಮುಂಗಡ ಕೊಟ್ಟಾಗಿರುತ್ತೆ.

— ಸಾಯಂಕಾಲ ತಾರಸಿ ಮೇಲೆ ಪೈಪ್ ಹಿಡಿದು ನೀರು ಬಿಟ್ಟರೆ ಆಗಲ್ವಾ? ನಮ್ಮ ತಂದೆ ಹಾಗೇ ಮಾಡ್ತಿದ್ದರು.

— 2024ರ ಮಾರ್ಚ್ ಮರೆತಿರಾ? ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿದ ಬೇಸಿಗೆ ಅದು. ನೀರು ಅಂದರೂ ಕರೆಂಟೇ. ಕಾವೇರಿ ಇಲ್ಲಿಗೆ ಹರಿದು ಬರಲ್ಲ. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರಕ್ಕೆ ಪಂಪು ಎತ್ತಿ ತಂದು ಸುರಿಯುತ್ತೆ. ಸಾವಿರ ಲೀಟರನ್ನ ಅಷ್ಟು ಎತ್ತರ ಏರಿಸೋಕೆ, ಪಂಪಿನ ನಷ್ಟ ಸೇರಿಸಿದರೆ ಎರಡು ಯೂನಿಟ್ಟಿನ ಆಸುಪಾಸು ಖರ್ಚು. ಸಂಪಿನಿಂದ ಟ್ಯಾಂಕಿಗೆ ಏರಿಸೋಕೆ ನಿಮ್ಮ ಮೋಟರು ತಿನ್ನೋದು ಅದರ ಮುಂದೆ ಏನೂ ಅಲ್ಲ. ಟ್ಯಾಂಕು ತುಂಬಿ ಹರಿದಾಗ ಚೆಲ್ಲಿದ್ದು ನೀರು ಮಾತ್ರ ಅಂತ ತಿಳಿಯಬೇಡಿ.

— ಲಾವಂಚದ ತಟ್ಟಿ? ಕೂಲರು?

— ಕಲಬುರಗಿ, ರಾಯಚೂರು, ಬಳ್ಳಾರಿಗೆ ಅದಕ್ಕಿಂತ ಒಳ್ಳೇದಿಲ್ಲ. ಒಣ ಗಾಳಿ ನೀರನ್ನ ಹೀರುತ್ತೆ, ಹೀರುವಾಗ ತಣಿಯುತ್ತೆ. ಮಂಗಳೂರಲ್ಲಿ ಅದನ್ನೇ ಕಟ್ಟಿದರೆ ಮನೆ ಬೂಷ್ಟು ಹಿಡಿಯುತ್ತೆ, ತಂಪಂತೂ ಇಲ್ಲ. ಎಸಿ ಇಟ್ಟೇ ಇಡ್ತೀನಿ ಅಂದರೆ 24ಕ್ಕಿಂತ ಕೆಳಗೆ ಇಳಿಸಬೇಡಿ. 2020ರಿಂದ ಹೊಸ ಎಸಿಗಳು ಹಾಕಿದ ಕೂಡಲೇ 24ಕ್ಕೇ ನಿಲ್ಲೋ ಹಾಗೆ ಕಾನೂನಿದೆ. ನಮ್ಮ ಜನ ಮೊದಲು ಮಾಡೋ ಕೆಲಸ ಅದನ್ನ 18ಕ್ಕಿಳಿಸಿ ಕಂಬಳಿ ಹೊದೆಯೋದು. ಒಂದೊಂದು ಡಿಗ್ರಿ ಏರಿಸಿದರೆ ಶೇ. 6ರಷ್ಟು ಉಳಿಯುತ್ತೆ ಅಂತ ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಬಿಇಇಯವರ ಲೆಕ್ಕ. 26ಕ್ಕಿಟ್ಟು ಮೇಲೆ ಫ್ಯಾನು ಹಾಕಿ. ಫಿಲ್ಟರು ತೊಳೀರಿ. ಫ್ರಿಜ್ಜನ್ನ ಗೋಡೆಯಿಂದ ಒಂದು ಗೇಣು ಈಚೆ ಎಳೀರಿ. ಅಷ್ಟೇ ಬೇಸಿಗೆ.

— ಸೋಲಾರ್ ಫಲಕದ ವಿಷಯ ನೀವೇ ಎತ್ತಲಿಲ್ಲ! ಮೂರು ಕಿಲೋವಾಟಿಗೆ 78,000 ಸಬ್ಸಿಡಿ ಅಂತ ದಿನಕ್ಕೊಬ್ಬ ಫೋನ್ ಮಾಡ್ತಾನೆ.

— ಸಬ್ಸಿಡಿ ನಿಜ, ಪಿಎಂ ಸೂರ್ಯಘರ್ ಯೋಜನೆಯದು. ಆದರೆ ತಿಂಗಳಿಗೆ 250, 300 ಯೂನಿಟ್ ಉರಿಸೋ ಮನೆಗೆ ಅದು ಬೇಗ ದುಡ್ಡು ತೀರಿಸುತ್ತೆ. ನೀವು ಅಷ್ಟು ಉರಿಸೋರಲ್ಲ. ಮೊದಲು ಸ್ನಾನದ ನೀರನ್ನ ಸೂರ್ಯನಿಗೆ ಒಪ್ಪಿಸಿ. ಸುಣ್ಣ ಹೊಡೆಯದ, ಹಳೇ ಫ್ಯಾನು ತಿರುಗಿಸೋ ಮನೆಗೆ ಫಲಕ ಹಾಕಿಸೋದು ತೂತು ಕೊಡಕ್ಕೆ ಹೊಸ ನಲ್ಲಿ ಹಾಕಿಸಿದ ಹಾಗೆ.

— ನಿಮ್ಮ ಕರೆಂಟಿನ ಲೆಕ್ಕ ನಿಮಗೆ. ಮಳೆಗಾಲದ ಮನೆ ನಾನು ಹೇಳ್ತೀನಿ, ನೀವು ಕೇಳಿ. ನಿಮ್ಮ ಮನೇಲಿ ಹಸಿ ಕಸ ಏನು ಮಾಡ್ತೀರಿ?

— ಗಾಡಿಗೆ ಹಾಕ್ತೀವಿ. ಹಸಿರು ಡಬ್ಬದಲ್ಲಿ ಹಸಿ, ಕೆಂಪು ಡಬ್ಬದಲ್ಲಿ ಡಯಾಪರ್ ಬ್ಯಾಂಡೇಜು, ಚೀಲದಲ್ಲಿ ಒಣದು. ನಿಯಮ ತಪ್ಪಿಲ್ಲ.

— ಎರಡು ಡಬ್ಬ ಒಂದು ಚೀಲ ಅನ್ನೋದು ಹೈಕೋರ್ಟಿನ ಬಾಯಿಂದ ಬರಬೇಕಾಯಿತು, 2015ರ ಡಿಸೆಂಬರಿನಲ್ಲಿ. ಅದಕ್ಕೂ ಮೊದಲು ಮಾವಳ್ಳಿಪುರದವರು, ಮಂಡೂರಿನವರು ಬೀದಿಗಿಳಿದು ಬೆಂಗಳೂರಿನ ಕಸದ ಲಾರಿ ತಡೆದಿದ್ದರು. ಅವರ ಊರ ಬಾವಿ ಕೆಡಿಸಿದ್ದು ಪ್ಲಾಸ್ಟಿಕ್ ಅಂತ ಜನ ಅಂದುಕೊಂಡಿದ್ದಾರೆ. ಅದಕ್ಕಿಂತ ಹೆಚ್ಚಾಗಿ, ಎಲ್ಲದರ ಜೊತೆ ಕಟ್ಟಿ ಎಸೆದ ನಮ್ಮ ಅನ್ನ ಸಾರು, ಹಣ್ಣಿನ ಸಿಪ್ಪೆ. ಗಾಳಿಯಾಡದೆ ಕೊಳೆತು ಕರಿನೀರು ಬಿಟ್ಟಿದ್ದು ಅದೇ. ಹಾಗಾಗಿ ಹಸಿ ಕಸ ಗೇಟು ದಾಟದೇ ಇದ್ದರೆ ಅರ್ಧ ಕೆಲಸ ಮುಗೀತು.

— ಒಂದು ಸಲ ಗೊಬ್ಬರದ ಡಬ್ಬ ತಂದಿದ್ವಿ. ಜುಲೈಯಲ್ಲಿ ಹುಳ ಬಿದ್ದು, ಮನೆಯವರೆಲ್ಲ ಮೂಗು ಮುಚ್ಚಿಕೊಂಡು ನನ್ನ ಕಡೆ ನೋಡಿದರು.

— ಯಾವ ತಿಂಗಳು ಶುರು ಮಾಡಿದ್ದಿರಿ?

— ಜೂನ್ ಐದು. ಪರಿಸರ ದಿನಾಚರಣೆ ದಿನ ಯಾರೋ ರಿಯಾಯಿತಿ ಕೊಟ್ಟಿದ್ದರು.

— ಅಯ್ಯೋ! ಡಬ್ಬ ಶುರು ಮಾಡೋಕೆ ವರ್ಷದಲ್ಲಿ ಅದಕ್ಕಿಂತ ಕೆಟ್ಟ ಹೊತ್ತಿಲ್ಲ. ಗಾಳಿಯೇ ತೇವ, ಜೊತೆಗೆ ಮಾವು, ಹಲಸು ಇನ್ನೂ ಮುಗಿದಿರಲ್ಲ. ಒಂದು ಹಲಸಿನಹಣ್ಣು ಕೊಯ್ದರೆ ಡಬ್ಬ ತುಂಬುತ್ತೆ. ಅಡುಗೆಮನೆ ಕಸದಲ್ಲಿ ನೀರೇ ಜಾಸ್ತಿ, ಸಾರಜನಕ ಜಾಸ್ತಿ. ಅದಕ್ಕೆ ಇಂಗಾಲ ಬೇಕು, ಅಂದರೆ ಒಣ ಎಲೆ, ತೆಂಗಿನ ನಾರಿನ ಪುಡಿ, ಮರದ ಹೊಟ್ಟು. ಒಂದು ಹಿಡಿ ಹಸಿಗೆ ಎರಡು ಹಿಡಿ ಒಣ ಎಲೆ. ಕಸ ಹಾಕಿದಾಗಲೆಲ್ಲ ಮೇಲೆ ಮುಚ್ಚಬೇಕು. ವಾಸನೆ ಬಂತು ಅಂದರೆ ಎಲೆ ಸಾಲದು ಅಂತ ಅರ್ಥ, ಬೇರೆ ರಹಸ್ಯ ಇಲ್ಲ. ಇನ್ನು ನೀವು ನೋಡಿದ ಆ ದಪ್ಪ ಹುಳ ಬಹುಶಃ ಸೈನಿಕ ನೊಣದ ಮರಿ. ಅದು ಕಸ ತಿನ್ನೋ ಉಪಕಾರಿ. ಆದರೆ ಇದನ್ನ ಮನೆಯವರಿಗೆ ಒಪ್ಪಿಸೋದು ಹೇಗೆ ಅನ್ನೋದು ನನಗೂ ತಿಳಿದಿಲ್ಲ.

— ಜುಲೈಯಲ್ಲಿ ಒಣ ಎಲೆ ಎಲ್ಲಿಂದ ತರೋದು? ಎಲ್ಲಾ ತೊಯ್ದು ಮುದ್ದೆ.

— ಜನವರಿಯಿಂದ! ನಿಮ್ಮ ಬೀದಿಯಲ್ಲಿ ಸಾಲು ಹೊಂಗೆ ಇದೆ. ಸಂಕ್ರಾಂತಿ ಕಳೆದ ಮೇಲೆ ಯುಗಾದಿಗೆ ಹೊಸ ಚಿಗುರು ಬರೋವರೆಗೆ ಎಲೆ ಉದುರೋದೇ ಉದುರೋದು. ಆಗ ಎರಡು ಗೋಣಿಚೀಲ ತುಂಬಿ ಮೆಟ್ಟಿಲ ಕೆಳಗೆ ಒಗೆದರೆ ಮಳೆಗಾಲ ದಾಟುತ್ತೆ. ನಾವೇನು ಮಾಡ್ತೀವಿ? ಜನವರಿಯಲ್ಲಿ ಎಲೆಗೆ ಬೆಂಕಿ ಇಟ್ಟು ಕೆಮ್ಮೋದು, ಜುಲೈಯಲ್ಲಿ ತೆಂಗಿನ ನಾರಿನ ಇಟ್ಟಿಗೆ ಅಂಗಡಿಯಿಂದ ತರೋದು.

— ನನ್ನ ಸುಣ್ಣದ ಮಾತನ್ನೇ ನೀವು ಕಸದಲ್ಲಿ ಆಡ್ತಿದ್ದೀರಿ.

— ಆಡಲಿ ಬಿಡಿ. ಒಣ ಕಸಕ್ಕೂ ಮಳೆಗಾಲ ಶತ್ರು. ತೊಯ್ದ ರಟ್ಟು, ಪೇಪರು ಆಯೋರಿಗೆ ಕಾಸು ಹುಟ್ಟಿಸಲ್ಲ, ಕೊನೆಗೆ ಗುಂಡಿ ಸೇರುತ್ತೆ. ಒಣ ಚೀಲವನ್ನ ಗೇಟಿನ ಹೊರಗೆ ನೇತು ಹಾಕಬೇಡಿ, ಗಾಡಿ ಬಂದ ಮೇಲೆ ಕೈಗೇ ಕೊಡಿ. ಹಾಲಿನ ಪ್ಯಾಕೆಟ್ಟು ತೊಳೆದು ತಂತಿಗೆ ಸಿಕ್ಕಿಸಿ. ಆಮೇಲೆ ಅದರ ಮೂಲೆ! ಎಲ್ಲರೂ ಕತ್ತರಿಸಿ ಬೇರೆ ಮಾಡ್ತಾರೆ. ಆ ಉಗುರಿನಷ್ಟು ಚೂರನ್ನ ಯಾವ ಆಯೋರ ಬೆರಳೂ ಹಿಡಿಯಲ್ಲ, ಅದು ಚರಂಡಿಗೇ. ಪೂರ್ತಿ ಕತ್ತರಿಸದೆ ಅಂಟಿಕೊಂಡಿರೋ ಹಾಗೆ ಸೀಳಿದರೆ ಸಾಕು. ಚಿಪ್ಸಿನ ಹೊಳಪಿನ ಕವರು ಮಾತ್ರ ಎಷ್ಟು ತೊಳೆದರೂ ಹೊಸ ಕವರಾಗಲ್ಲ. ಪ್ಲಾಸ್ಟಿಕ್, ಲೋಹದ ಪದರ ಒಂದಕ್ಕೊಂದು ಅಂಟಿರುತ್ತೆ. ಬಹಳ ಆದರೆ ಸಿಮೆಂಟ್ ಕಾರ್ಖಾನೆಯ ಒಲೆಗೆ ಹೋಗುತ್ತೆ. ಅದನ್ನ ಮರುಬಳಕೆ ಅಂತ ನಾನು ಕರೆಯಲ್ಲ.

— ಮಳೆನೀರು ಬಿಟ್ಟಿರಲ್ಲ. ಸಾವಿರ ಚದರಡಿ ತಾರಸಿ ಅಂದರೆ 93 ಚದರ ಮೀಟರು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರು. ವರ್ಷಕ್ಕೆ 900 ಮಿಲಿಮೀಟರಿನ ಮೇಲೆ ಬೀಳುತ್ತೆ. ನಷ್ಟ ಕಳೆದು 70 ಸಾವಿರ ಲೀಟರಿಗೆ ಮೋಸವಿಲ್ಲ, ಪಂಪಿಲ್ಲದೆ, ಪೈಪಿಲ್ಲದೆ ಸೀದಾ ಚಾವಣಿ ಮೇಲೇ ಇಳಿದದ್ದು. ಬೆಂಗಳೂರಿಗೆ ಹೆಚ್ಚು ಮಳೆ ಸೆಪ್ಟೆಂಬರಿನಲ್ಲಿ. ಆದರೆ ತಾರಸಿಯ ನಳಿಗೆ ತೊಳೆಯಬೇಕಾದ್ದು ಏಪ್ರಿಲ್ ಕೊನೆಗೆ, ಮೊದಲ ಗುಡುಗಿನ ಮಳೆಗೆ ಮುಂಚೆ. ಮೊದಲ ಎರಡು ಮಳೆ ಹೊರಗೆ ಬಿಡಿ, ಧೂಳು, ಹಕ್ಕಿ ಹಿಕ್ಕೆ ಹೋಗಲಿ.

— ಗುಡುಗಿನ ಜೊತೆ ಕರೆಂಟೂ ಹೋಗುತ್ತೆ. ಯುಪಿಎಸ್ ಆಗಲೇ ಕೈ ಕೊಡೋದು.

— ಬ್ಯಾಟರಿಯಲ್ಲಿ ನೀರು ಇಳಿದಿದೆಯೋ ನೋಡೋದು ಅದೇ ಏಪ್ರಿಲ್‌ನಲ್ಲೇ. ಡಿಸ್ಟಿಲ್ಡ್ ನೀರು ಮಾತ್ರ. ಬೋರ್‌ವೆಲ್ ನೀರು ಹಾಕಿದರೆ ಬ್ಯಾಟರಿಗೆ ತಿಥಿ. ಸತ್ತ ಬ್ಯಾಟರಿಯನ್ನ ಹೊಸದು ಕೊಡೋ ಅಂಗಡಿಗೇ ವಾಪಸ್ ಕೊಡಿ. ಸೀಸ ಬಹುಪಾಲು ಮತ್ತೆ ಬಳಕೆಗೆ ಬರುತ್ತೆ. ಬೀದಿ ಗುಜರಿಯಲ್ಲಿ ನೂರು ರೂಪಾಯಿ ಹೆಚ್ಚು ಸಿಗಬಹುದು, ಒಳಗಿನ ಆಸಿಡ್ಡು ಹೋಗೋದು ರಾಜಕಾಲುವೆಗೆ.

— ಆಮೇಲೆ ಗಣಪತಿ, ದಸರೆ. ಕಸದ ಗಾಡಿಯವರು ಕಣ್ಣೀರು ಹಾಕೋ ತಿಂಗಳು. ಆಯುಧಪೂಜೆ ಮಾರನೇ ದಿನ ಬೆಂಗಳೂರಿನ ಯಾವ ಕೂಡುರಸ್ತೆಗೆ ಹೋದರೂ ಒಡೆದ ಬೂದುಗುಂಬಳ, ಒಣಗಿದ ಬಾಳೆಕಂದು. ಸ್ಕೂಟರು ಜಾರಿ ಬೀಳೋರು ಎಷ್ಟು ಜನ! ದೃಷ್ಟಿ ತೆಗೆಯಬೇಕು ಅಂದರೆ ಗೇಟಿನ ಒಳಗೆ ಒಡೆದು, ಕುಂಕುಮ ಹಚ್ಚದ ಭಾಗವನ್ನ ಡಬ್ಬಕ್ಕೆ ಹಾಕಿ. ಬಾಳೆಕಂದನ್ನ ಸಣ್ಣಗೆ ಕೊಚ್ಚಬೇಕು, ಹಾಗೇ ಹಾಕಿದರೆ ಮುಂದಿನ ದಸರೆಗೂ ಅಲ್ಲೇ ಇರುತ್ತೆ.

— ನನಗೆ ದೀಪಾವಳಿ ಬೇಕು. ನೀರು ತುಂಬೋ ಹಬ್ಬದ ಸಂಜೆ ನೆನಪಿದೆಯಾ? ಹಂಡೆ ಕೆಳಗಿಳಿಸಿ, ಹುಣಸೆಹಣ್ಣು ಬೂದಿ ಹಾಕಿ ಉಜ್ಜಿ, ಒಳಗಿನ ಉಪ್ಪು ಕೆರೆದು, ಒಲೆಯ ಬೂದಿ ತೆಗೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು ನೀರು ತುಂಬೋರು. ಎಂಜಿನಿಯರ್ ಕಣ್ಣಲ್ಲಿ ನೋಡಿ: ತಳದ ಮಸಿ, ಒಳಗಿನ ಉಪ್ಪು ಎರಡೂ ಶಾಖಕ್ಕೆ ಅಡ್ಡ. ಚಳಿ ಶುರುವಾಗೋ ಮುಂಚೆ ಮನೆಯ ನೀರು ಕಾಯಿಸೋ ಯಂತ್ರಕ್ಕೆ ಪೂರ್ತಿ ಸರ್ವಿಸಿಂಗ್, ದಿನಾಂಕ ಪಂಚಾಂಗದಲ್ಲೇ ಅಚ್ಚಾಗಿದೆ.

— ಚಂದ ಹೇಳ್ತೀರಿ. ಆ ಹಂಡೆಯೊಲೆ ಊದಿದ್ದು ಯಾರು? ನನ್ನ ಅಜ್ಜಿ. ಅಡಿಕೆ ಸಿಪ್ಪೆ ಹೊಗೆಯಲ್ಲಿ ಕೆಮ್ಮಿ ಕೆಮ್ಮಿ ಹೋದವಳು. ಪಂಚಾಂಗದಲ್ಲಿ ಅದು ಅಚ್ಚಾಗಿಲ್ಲ.

— ಒಪ್ಪಿದೆ. ಅದಕ್ಕೇ ತಾನೇ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದವರು ಅಸ್ತ್ರ ಒಲೆ ಮಾಡಿದ್ದು. ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ಕೇಂದ್ರ ಅದು. ಹೊಗೆಯನ್ನ ಕೊಳವೆಯಲ್ಲಿ ಹೊರಗಟ್ಟಿ, ಕಡಿಮೆ ಸೌದೆಯಲ್ಲಿ ಅಷ್ಟೇ ಅಡುಗೆ. ಹೊಗೆಯನ್ನ ಮರಳಿ ತನ್ನಿ ಅಂತ ನಾನು ಹೇಳ್ತಿಲ್ಲ. ಹಂಡೆ ಹೋಗಿ ತಾರಸಿಗೆ ಸೋಲಾರ್ ಹೀಟರ್ ಬಂತು, ಆದರೆ ಅದನ್ನ ತೊಳೆಯೋ ಹಬ್ಬ ಜೊತೆಗೆ ಮೇಲೆ ಹತ್ತಲಿಲ್ಲ, ಅದು ನನ್ನ ದೂರು. ಗಾಜಿನ ಮೇಲೆ ವರ್ಷದ ಧೂಳು, ಒಳಗೆ ಬೋರ್‌ವೆಲ್ ನೀರಿನ ಸುಣ್ಣ. ಡಿಸೆಂಬರಲ್ಲಿ ನೀರು ಕಾಯಲ್ಲ ಅಂತ ಗೀಸರ್ ಸ್ವಿಚ್ ಒತ್ತಿ ಮರೀತಾರೆ, ಎರಡು ಕಿಲೋವಾಟ್! ದೀಪಾವಳಿಗೆ ಒಂದು ದಿನ ಮೇಲೆ ಹತ್ತಿ ಗಾಜು ಒರೆಸಿ, ಪಕ್ಕದ ಮನೆಯ ಹೊಸ ಮಹಡಿಯ ನೆರಳು ಬೀಳುತ್ತಾ ನೋಡಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲ್ತಾನೆ, ಬೇಸಿಗೇಲಿ ಇಲ್ಲದ ನೆರಳು ಆಗ ಬೀಳುತ್ತೆ. ಬಿಸಿನೀರಿನ ಪೈಪಿಗೆ ಹೊದಿಕೆ ಸುತ್ತಿಸಿ. ಬಿಸಿ ಬರೋವರೆಗೆ ಹರಿಯೋ ತಣ್ಣೀರು ಬಕೆಟ್ಟಿಗೆ.

— ಪಟಾಕಿ ಕಾಗದ ಒಣ ಕಸಕ್ಕೆ ಹಾಕಬಾರದು, ಮದ್ದು ಇರುತ್ತೆ. ಹಬ್ಬಕ್ಕೆ ಕಪಾಟು ಖಾಲಿ ಮಾಡುವಾಗ ಸಿಗೋ ಹಳೇ ಫೋನು, ರಿಮೋಟು, ಸಿಎಫ್‌ಎಲ್ ಬಲ್ಬು ಬೇರೆಯೇ ಒಂದು ರಟ್ಟಿನ ಪೆಟ್ಟಿಗೆಗೆ. ಸಿಎಫ್‌ಎಲ್‌ನಲ್ಲಿ ಪಾದರಸ ಇದೆ, ಒಡೀಬಾರದು. ದೇಶದಲ್ಲಿ ಇ-ತ್ಯಾಜ್ಯವನ್ನ ಶಾಸ್ತ್ರೀಯವಾಗಿ ಬಿಚ್ಚೋ ಮೊದಮೊದಲ ಘಟಕಗಳಲ್ಲೊಂದು ನಮ್ಮ ದಾಬಸ್‌ಪೇಟೆಯಲ್ಲೇ, 2005ರಲ್ಲಿ ಶುರುವಾದದ್ದು. ಆದರೂ ಮನೆ ಮನೆಯ ಡ್ರಾಯರಿನಲ್ಲಿ ಹಳೇ ಫೋನು ಮಲಗಿವೆ. ಕೇಳಿದರೆ ಫೋಟೊ ಇದೆ ಅಂತಾರೆ.

— ನಮ್ಮಲ್ಲೂ ಮೂರಿವೆ. ಫೋಟೊ ಇದೆ.

— ಇದೆಯಲ್ಲ! ಸರಿ, ಒಂದು ಒಪ್ಪಂದಕ್ಕೆ ಬರೋಣ. ಫೆಬ್ರುವರಿಗೆ ನಿಮ್ಮ ಸುಣ್ಣದವನನ್ನ ನಮ್ಮ ಮನೆಗೂ ಕಳಿಸಿ. ಅದಕ್ಕೆ ಬದಲು ನಿಮ್ಮ ಗೇಟಿನ ಮುಂದಿನ ಹೊಂಗೆ ಎಲೆಗೆ ಈ ವರ್ಷ ಬೆಂಕಿ ಇಡಬಾರದು.

— ಬೆಂಕಿ ಇಡೋದು ನಾನಲ್ಲ, ಗುಡಿಸೋ ಹುಡುಗ.

— ಅವನಿಗೆ ಹೇಳೋರು ನೀವೇ ತಾನೇ? ಚೀಲ ನಾನು ಕೊಡ್ತೀನಿ.

— ಎಷ್ಟು ಚೀಲ?

— ನಾಲ್ಕು. ಎರಡು ನನಗೆ, ಎರಡು ನಿಮ್ಮ ಮೆಟ್ಟಿಲ ಕೆಳಗೆ. ಆ ಜೂನ್ ಐದರ ಡಬ್ಬ ಎಸೆದಿಲ್ಲ ತಾನೇ?

— ಇಲ್ಲ. ಮೊಮ್ಮಗಳು ಅದರಲ್ಲಿ ಕ್ರಿಕೆಟ್ ಬ್ಯಾಟು ಇಟ್ಟಿದ್ದಾಳೆ.